ಕಡತ ಕೊಡುವ ಕೈ

ನಮ್ಮಪ್ಪ ಕೋರ್ಟಿನ ಮೆಟ್ಟಿಲು ಹತ್ತಿದ್ದು ಒಂದು ತುಂಡು ಜಮೀನಿಗಾಗಿ. ಅಜ್ಜನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡೆಕರೆ. ಮದುವೆ ಸಾಲಕ್ಕೋ, ಬರಗಾಲದಲ್ಲಿ ತಂದು ತಿಂದ ರಾಗಿಗೋ, ಹೆಬ್ಬೆಟ್ಟು ಒತ್ತಿ ಕೈಬಿಟ್ಟಿದ್ದ ಜಮೀನು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಹಾಗೆಲ್ಲ ಪರಭಾರೆ ಮಾಡಿಕೊಳ್ಳುವಂತಿಲ್ಲ, ಮಾಡಿಕೊಂಡಿದ್ದರೆ ವಾಪಸ್ಸು ಕೊಡಬೇಕು ಅಂತ ಕರ್ನಾಟಕದಲ್ಲಿ 1978ರಲ್ಲೇ ಕಾನೂನು ಆಗಿತ್ತು. ಆ ಸುದ್ದಿ ನಮ್ಮ ಕೇರಿಗೆ ನಡಕೊಂಡು ಬರುವಷ್ಟರಲ್ಲಿ ಅಜ್ಜ ಮಣ್ಣಾಗಿದ್ದ.

ಕಾಗದಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಪ್ಪ ವಕೀಲರೊಬ್ಬರ ಮನೆಗೆ ಹೋದ. ಗುಮಾಸ್ತ ಒಳಗಿಂದಲೇ ಕೇಳಿದನಂತೆ: ಯಾವ ಊರು? ಊರಲ್ಲಿ ಯಾವ ಕಡೆ? ಉತ್ತರ ಕೇಳಿದ ಮೇಲೆ ಹೇಳಿದ: "ಅಲ್ಲೇ ಜಗಲಿ ಮೇಲೆ ಇಟ್ಟು ಹೋಗು." ಅಪ್ಪ ಇಟ್ಟ. ಗಾಳಿಗೆ ಹಾರಬಾರದಲ್ಲ, ಅದರ ಮೇಲೆ ಒಂದು ಕಲ್ಲು ಹೇರಿ ಬಂದ. ಹದಿನೈದು ದಿನ ಬಿಟ್ಟು ಹೋದಾಗ ಕಾಗದ ಅಲ್ಲೇ ಇತ್ತು, ಕಲ್ಲೂ ಅಲ್ಲೇ ಇತ್ತು.

ನಾವು ಡಿಗ್ರಿ ಮಾಡಿದೆವು. ನಮ್ಮ ಮನೆಯಲ್ಲಿ, ನಮ್ಮ ಕೇರಿಯಲ್ಲಿ, ಹಾಗೆ ಮಾಡಿದ ಮೊದಲ ತಲೆ ನಾವು. ಪದ್ಯ ಬರೆಯುವವರಿಗೆ ಕೋರ್ಟಿನ ಚರಿತ್ರೆ ಯಾಕೆ ಅಂತ ಗೆಳೆಯರು ಕೇಳ್ತಾರೆ. ಆ ಕಲ್ಲಿನ ಕೆಳಗಿನ ಕಾಗದ ನಮ್ಮನ್ನು ಅಲ್ಲಿಗೆ ಎಳಕೊಂಡು ಹೋಯಿತು. ನ್ಯಾಯ ಕೇಳುವವನ ಕಾಗದವನ್ನು ಮೊದಲು ಯಾರು ಕೈಗೆ ತಗೊಳ್ತಾರೆ? ಅದನ್ನು ಯಾರ ಕೈಗೆ ದಾಟಿಸ್ತಾರೆ? ಯಾರ ಕೈಗೆ ದಾಟಿಸಲ್ಲ? ಹೀಗೆ ಹುಡುಕುತ್ತ ಹೋದರೆ ಸಿಗುವ ಮನುಷ್ಯನ ಹೆಸರು ಸಾಲಿಸಿಟರ್.

ನಮ್ಮ ಹಳ್ಳಿಗಳಲ್ಲಿ ವಕೀಲ್ರು ಅಂದ್ರೆ ಒಂದೇ ಜಾತಿ. ಕರಿಕೋಟು ಹಾಕಿದವರೆಲ್ಲ ವಕೀಲ್ರೇ. ಆದರೆ ಈ ವೃತ್ತಿಯನ್ನು ನಮ್ಮ ಮೇಲೆ ತಂದು ಇಳಿಸಿದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಅಲ್ಲಿ ವಕೀಲಿಕೆ ಎರಡು ಪಂಗಡವಾಗಿ ಸೀಳಿತ್ತು. ನ್ಯಾಯಾಧೀಶರ ಮುಂದೆ ನಿಂತು ವಾದ ಮಾಡುವವನು ಬ್ಯಾರಿಸ್ಟರ್. ಕಕ್ಷಿದಾರನನ್ನು ಕೂರಿಸಿಕೊಂಡು ಅವನ ಕಷ್ಟ ಕೇಳುವವನು, ಪತ್ರ ಬರೆಯುವವನು, ಸಾಕ್ಷಿ ಹುಡುಕುವವನು, ಆಸ್ತಿಪತ್ರ ತಯಾರು ಮಾಡುವವನು ಸಾಲಿಸಿಟರ್. ಕಕ್ಷಿದಾರ ನೇರವಾಗಿ ಬ್ಯಾರಿಸ್ಟರ್ ಹತ್ತಿರ ಹೋಗುವಂತಿಲ್ಲ. ಸಾಲಿಸಿಟರ್ ಇಡೀ ಪ್ರಕರಣವನ್ನು ಬರೆದು, ಮಡಿಸಿ, ಕೆಂಪು ದಾರ ಕಟ್ಟಿ, ತಾನು ಆರಿಸಿದ ಬ್ಯಾರಿಸ್ಟರಿಗೆ ಕಳಿಸಬೇಕು. ಆ ಕಟ್ಟಿಗೆ ಬ್ರೀಫ್ ಅಂತಾರೆ. ನಾವಿಲ್ಲಿ ಕಡತ ಅನ್ನೋಣ. ಕಡತ ಬಂದರೆ ಬ್ಯಾರಿಸ್ಟರಿಗೆ ಊಟ. ಬರದಿದ್ದರೆ ಎಷ್ಟು ದೊಡ್ಡ ಪಂಡಿತನಾದರೂ ಅವನು ಕೋರ್ಟಿನ ಬೆಂಚು ಸವೆಸಬೇಕು ಅಷ್ಟೆ.

ಈ ಸಾಲಿಸಿಟರುಗಳು ಒಂದೇ ದಿನಕ್ಕೆ ಹುಟ್ಟಿದವರಲ್ಲ. ಸಾಮಾನ್ಯ ನ್ಯಾಯಾಲಯಗಳಲ್ಲಿ ಕೆಲಸ ಮಾಡುವವರಿಗೆ ಅಟಾರ್ನಿ ಅಂತಿದ್ದರು. ಚಾನ್ಸರಿ ನ್ಯಾಯಾಲಯದಲ್ಲಿ ಮಾಡುವವರಿಗೆ ಸಾಲಿಸಿಟರ್ ಅಂತಿದ್ದರು. 1729ರ ಕಾನೂನು ಇವರಿಗೆ ಒಂದು ಶಿಸ್ತು ಹಾಕಿತು: ಐದು ವರ್ಷ ಒಬ್ಬನ ಕೈಕೆಳಗೆ ಗುಮಾಸ್ತನಾಗಿ ದುಡಿಯಬೇಕು, ಆಮೇಲೆ ಪಟ್ಟಿಯಲ್ಲಿ ಹೆಸರು. 1825ರಲ್ಲಿ ಲಂಡನ್ನಿನಲ್ಲಿ ಇವರದೇ ಲಾ ಸೊಸೈಟಿ ಶುರುವಾಯಿತು. 1836ರಿಂದ ಪರೀಕ್ಷೆ ಬಂತು. 1873 ಮತ್ತು 1875ರ ನ್ಯಾಯಾಂಗ ಕಾನೂನುಗಳು ಹಳೆ ನ್ಯಾಯಾಲಯಗಳನ್ನೆಲ್ಲ ಒಂದುಗೂಡಿಸಿದಾಗ ಅಟಾರ್ನಿ ಎಂಬ ಹೆಸರು ಅಲ್ಲಿ ಹೋಗಿ, ಸಾಲಿಸಿಟರ್ ಎಂಬ ಒಂದೇ ಹೆಸರು ಉಳಿಯಿತು.

ಪರೀಕ್ಷೆ ಬಂದರೆ ಬಾಗಿಲು ಎಲ್ಲರಿಗೂ ತೆರೆಯಿತು ಅಂತ ತಿಳಕೋಬೇಡಿ. ಪರೀಕ್ಷೆಗಿಂತ ಮುಂಚೆ ಗುಮಾಸ್ತಿಕೆ ಇತ್ತಲ್ಲ, ಅಲ್ಲೇ ಇತ್ತು ಅಗುಳಿ. ಗುಮಾಸ್ತನಾಗಿ ಸೇರುವ ಹುಡುಗನಿಗೆ ಸಂಬಳ ಕೊಡುವುದಿರಲಿ, ಅವನೇ ಯಜಮಾನನಿಗೆ ಪ್ರೀಮಿಯಂ ಅಂತ ಹಣ ಕಟ್ಟಬೇಕಿತ್ತು. ಅದರ ಮೇಲೆ ಸರ್ಕಾರಕ್ಕೆ ಛಾಪಾ ಕಾಗದದ ತೆರಿಗೆ: 19ನೇ ಶತಮಾನದ ಕೊನೆಯಲ್ಲಿ 80 ಪೌಂಡು. ಗಣಿಯಲ್ಲಿ ಕಲ್ಲಿದ್ದಲು ಅಗೆಯುವವನ ಮಗ ಎಲ್ಲಿಂದ ತಂದಾನು? ಯಾರೂ ಅವನನ್ನು ಬರಬೇಡ ಅನ್ನಲಿಲ್ಲ. ಬರಬೇಡ ಅನ್ನುವ ಅಗತ್ಯವೇ ಇರಲಿಲ್ಲ.

ಹೆಂಗಸರಿಗೆ ಮಾತ್ರ ಬಾಯಿಬಿಟ್ಟೇ ಹೇಳಿದರು. 1913ರಲ್ಲಿ ಗ್ವಿನೆತ್ ಬೆಬ್ ಎಂಬ ಓದಿದ ಹೆಣ್ಣುಮಗಳು ಲಾ ಸೊಸೈಟಿಯ ವಿರುದ್ಧ ದಾವೆ ಹೂಡಿದಳು. ಸಾಲಿಸಿಟರ್ ಪರೀಕ್ಷೆಗೆ ಕೂರಲು ಬಿಡಿ ಅನ್ನೋದು ಅವಳ ಬೇಡಿಕೆ. 1843ರ ಸಾಲಿಸಿಟರ್ ಕಾನೂನಿನಲ್ಲಿ 'ವ್ಯಕ್ತಿ' ಎಂಬ ಪದ ಇತ್ತು. ನಾನೂ ವ್ಯಕ್ತಿಯೇ ಅಲ್ಲವೇ ಅಂತ ಅವಳ ವಾದ. ಅಲ್ಲ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ಹೆಣ್ಣು ಈ ವೃತ್ತಿಗೆ ಹಿಂದೆಂದೂ ಬಂದಿಲ್ಲ, ಆದ್ದರಿಂದ ಬರುವಂತಿಲ್ಲ. ಎಂಥ ತರ್ಕ ನೋಡಿ! ನಮ್ಮೂರ ದೇವಸ್ಥಾನದ ಬಾಗಿಲಲ್ಲಿ ನಾವು ಕೇಳಿದ್ದೂ ಇದೇ ಮಾತು. ಹಿಂದಿನಿಂದ ಬಂದಿಲ್ಲ, ಈಗ್ಯಾಕೆ ಬರ್ತೀರಿ? 1919ರಲ್ಲಿ ಹೊಸ ಕಾನೂನು ಮಾಡಿದ ಮೇಲೆ ಆ ಬಾಗಿಲು ಸರಿಯಿತು. 1922ರಲ್ಲಿ ಕ್ಯಾರಿ ಮಾರಿಸನ್ ಇಂಗ್ಲೆಂಡಿನ ಮೊದಲ ಮಹಿಳಾ ಸಾಲಿಸಿಟರ್ ಆದಳು.

ಅದೇ 1922ರಲ್ಲಿ, ಅದೇ ಲಂಡನ್ನಿನಲ್ಲಿ, ಗ್ರೇಸ್ ಇನ್ ಎಂಬ ಬ್ಯಾರಿಸ್ಟರುಗಳ ಸಂಘದಿಂದ ಇನ್ನೊಬ್ಬ ಮನುಷ್ಯ ಹೊರಬಂದ. ಮಹಾರ್ ಜಾತಿಯ ಸುಬೇದಾರನ ಮಗ ಭೀಮರಾವ್ ಅಂಬೇಡ್ಕರ್. ಕೊಲಂಬಿಯಾದಲ್ಲಿ ಓದಿದ್ದ, ಲಂಡನ್ನಿನಲ್ಲಿ ಅರ್ಥಶಾಸ್ತ್ರ ಅರೆದಿದ್ದ, ಈಗ ಬ್ಯಾರಿಸ್ಟರೂ ಆಗಿದ್ದ. ಕಾನೂನಿನ ಕಣ್ಣಿಗೆ ಇವನು ವ್ಯಕ್ತಿಯೇ. ಯಾವ ಕೋರ್ಟೂ ಅಲ್ಲ ಅಂದಿರಲಿಲ್ಲ.

ಮುಂಬಯಿಗೆ ಬಂದರೆ ಸನ್ನದು ಪಡೆಯಲು ಕೈಯಲ್ಲಿ ಕಾಸಿಲ್ಲ. ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯ ಹಣ ಕೊಟ್ಟ. 1923ರ ಜುಲೈನಲ್ಲಿ ಬಾಬಾಸಾಹೇಬರು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು.

ಆ ಹೈಕೋರ್ಟಿನ ಒಳಗಣ ರಚನೆ ಸ್ವಲ್ಪ ತಿಳಕೋಬೇಕು. 1862ರಲ್ಲಿ ಶುರುವಾದ ಆ ಹೈಕೋರ್ಟಿಗೆ ಎರಡು ಮಗ್ಗುಲು. ಒಂದು ಮೂಲ ವಿಭಾಗ: ಮುಂಬಯಿ ನಗರದ ದಾವೆಗಳು ನೇರವಾಗಿ ಬಂದು ಬೀಳುವ ಕಡೆ. ಹತ್ತಿ ವ್ಯಾಪಾರಿಗಳು, ಗಿರಣಿ ಮಾಲೀಕರು, ಹಡಗು ಕಂಪನಿಗಳು, ಸೇಠುಗಳ ಆಸ್ತಿ ವ್ಯಾಜ್ಯ, ಹಣ ಎಲ್ಲ ಅಲ್ಲಿ. ಇನ್ನೊಂದು ಮೇಲ್ಮನವಿ ವಿಭಾಗ: ಜಿಲ್ಲೆಗಳಿಂದ ಅಪೀಲು ಬರುವ ಕಡೆ. ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ರೈತರು ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಿದ್ದದ್ದೂ ಈ ಎರಡನೇ ಬಾಗಿಲಿಗೇ. ಆ ಜಿಲ್ಲೆಗಳೆಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು.

ಮೂಲ ವಿಭಾಗದಲ್ಲಿ ಲಂಡನ್ನಿನ ಪದ್ಧತಿಯೇ ಇತ್ತು. ಸಾಲಿಸಿಟರ್ ಕಡತ ಕೊಟ್ಟರೆ ಮಾತ್ರ ಬ್ಯಾರಿಸ್ಟರ್ ಎದ್ದು ನಿಲ್ಲಬಹುದು. ಮೇಲ್ಮನವಿ ವಿಭಾಗದಲ್ಲಿ ಈ ನಡುವಿನ ಕೈ ಬೇಕಿರಲಿಲ್ಲ. ಕಕ್ಷಿದಾರ ನೇರವಾಗಿ ಬಂದು ವಕೀಲನಿಗೆ ಕಾಗದ ಕೊಡಬಹುದಿತ್ತು.

ಮುಂಬಯಿಯ ಸಾಲಿಸಿಟರುಗಳು ಬಾಬಾಸಾಹೇಬರಿಗೆ ಕಡತ ಕೊಡಲಿಲ್ಲ. ಕಾರಣ ಅಸ್ಪೃಶ್ಯತೆ. ಅವರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಇದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಕಡತ ಅಂದರೆ ಕಾಗದ. ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು. ಒಟ್ಟಿಗೆ ಕೂತು ಮಾತಾಡಬೇಕು, ಸಂಜೆ ಚಹಾ ಕುಡಿಯಬೇಕು, ಸೇಠನ ಮನೆಗೆ ಕರಕೊಂಡು ಹೋಗಬೇಕು. ಇಷ್ಟೆಲ್ಲ ಇದೆ ಒಂದು ಕಡತದೊಳಗೆ. ಇಂಗ್ಲಿಷಿನಲ್ಲಿ ಬರೆದ ಕಾನೂನು, ಇಂಗ್ಲಿಷರ ಕಟ್ಟಡ, ಇಂಗ್ಲಿಷರ ಗೌನು. ಒಳಗೆ ಮಾತ್ರ ನಮ್ಮೂರ ಹೋಟೆಲಿನ ಬೇರೆ ಲೋಟ.

ಇಲ್ಲಿ ಇನ್ನೊಬ್ಬ ಬ್ಯಾರಿಸ್ಟರನ್ನು ಪಕ್ಕಕ್ಕೆ ಇಟ್ಟು ನೋಡೋಣ. ಮೋಹನದಾಸ ಗಾಂಧಿ 1891ರಲ್ಲಿ ಬ್ಯಾರಿಸ್ಟರ್ ಆಗಿ ಬಂದವರು. ಮುಂಬಯಿಯಲ್ಲಿ ಅವರಿಗೂ ಕೆಲಸ ಸಿಗಲಿಲ್ಲ. ಮೊದಲ ಪ್ರಕರಣದಲ್ಲಿ ನಾಲಿಗೆಯೇ ಏಳಲಿಲ್ಲ ಅಂತ ಅವರೇ ಆತ್ಮಕತೆಯಲ್ಲಿ ಬರೆದಿದ್ದಾರೆ. ಆದರೆ ರಾಜಕೋಟೆಗೆ ಹಿಂದಿರುಗಿದಾಗ ಅಣ್ಣ ಇದ್ದ. ಅಣ್ಣನಿಗೆ ನೆಲೆನಿಂತ ಒಬ್ಬ ವಕೀಲ ಪಾಲುದಾರ ಇದ್ದ. ಅರ್ಜಿ ಬರೆಯುವ ಕೆಲಸ ಸಿಕ್ಕಿತು, ಹೊಟ್ಟೆಪಾಡು ನಡೆಯಿತು. ನಾವು ಇದನ್ನು ಗಾಂಧಿಯವರನ್ನು ಹಳಿಯಲು ಹೇಳುತ್ತಿಲ್ಲ. ಸೋತು ಬಂದವನಿಗೂ ಬೀಳಲು ಒಂದು ಚಾಪೆ ಇತ್ತು ಅಂತ ಹೇಳ್ತಿದೀವಿ. ಬಾಬಾಸಾಹೇಬರು ಸೋಲದೆ ಬಂದವರು. ಅವರಿಗೆ ಚಾಪೆಯೂ ಇರಲಿಲ್ಲ, ಕಡತ ತರುವ ಅಣ್ಣನೂ ಇರಲಿಲ್ಲ.

ಹಾಗಂತ ಒಳ್ಳೆಯ ಸಾಲಿಸಿಟರುಗಳು ಇರಲೇ ಇಲ್ಲ ಅಂತಲ್ಲ. 1924ರ ಜುಲೈನಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣೀ ಸಭಾ ಕಟ್ಟಿದಾಗ ಅದರ ಉಪಾಧ್ಯಕ್ಷರ ಸಾಲಿನಲ್ಲಿ ಸಾಲಿಸಿಟರುಗಳೂ ಇದ್ದರು. ಮುಂದೆ ಮುಂಬಯಿ ಪ್ರಾಂತ್ಯದ ಮುಖ್ಯಸ್ಥರಾದ ಬಿ.ಜಿ. ಖೇರ್ ಅವರಲ್ಲಿ ಒಬ್ಬರು. ಒಳ್ಳೆಯವರು ಇದ್ದರು. ಆದರೆ ಒಬ್ಬಿಬ್ಬರ ಒಳ್ಳೆಯತನ ಬೇರೆ, ಒಂದು ವೃತ್ತಿಯ ಸಂತೆ ಬೇರೆ. ಸಂತೆ ನಡೆಯುವುದು ಪರಿಚಯದ ಮೇಲೆ. ಪರಿಚಯ ನಡೆಯುವುದು ಜಾತಿಯ ಮೇಲೆ.

ಬಾಬಾಸಾಹೇಬರು ಏನು ಮಾಡಿದರು? ಆ ಬಾಗಿಲ ಮುಂದೆ ಕೈಕಟ್ಟಿ ನಿಲ್ಲಲಿಲ್ಲ. ನಡುವಿನ ಕೈ ಇಲ್ಲದ ಕಡೆಗೆ ಹೊರಟರು. ಮೇಲ್ಮನವಿ ವಿಭಾಗದ ಅಪೀಲುಗಳು, ಜಿಲ್ಲೆ ತಾಲ್ಲೂಕುಗಳ ಪ್ರಕರಣಗಳು. ಪರೇಲಿನ ದಾಮೋದರ ಹಾಲಿನಲ್ಲಿ ಅವರ ಕಚೇರಿ. ಸುತ್ತ ಗಿರಣಿ ಕೂಲಿಗಳು. ಬಡವರು ನೇರವಾಗಿ ಒಳಗೆ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಬದುಕು ಸಾಗಿಸಲು 1925ರಿಂದ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವ್ಯಾಪಾರಿ ಕಾನೂನು ಪಾಠ ಹೇಳಿದರು. 1926ರಲ್ಲಿ ಪುಣೆಯಲ್ಲಿ ಬ್ರಾಹ್ಮಣೇತರ ಚಳವಳಿಯ ಜೇಧೆ, ಜವಳಕರ್, ಬಾಗ್ಡೆ ಇವರ ಮೇಲೆ 'ದೇಶಾಚೆ ದುಶ್ಮನ್' ಎಂಬ ಪುಸ್ತಿಕೆಗಾಗಿ ಮಾನನಷ್ಟದ ಪ್ರಕರಣ ನಡೆದಾಗ ಅವರ ಪರ ನಿಂತು ಗೆದ್ದರು. ಅಲ್ಲಿಂದ ಹೆಸರು ಹಬ್ಬಿತು. 1935ರಲ್ಲಿ ಮುಂಬಯಿಯ ಸರ್ಕಾರಿ ಲಾ ಕಾಲೇಜಿಗೆ ಅವರೇ ಪ್ರಾಂಶುಪಾಲರು. ಕಡತ ಕೊಡದಿದ್ದ ಆ ನಗರ ತನ್ನ ಮಕ್ಕಳನ್ನು ಕಾನೂನು ಕಲಿಯಲು ಇವರ ಹತ್ತಿರವೇ ಕಳಿಸಿತು.

ಇನ್ನೊಂದು ಸಂಗತಿ. 1927ರ ಮಾರ್ಚಿನಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದರಲ್ಲ, ಅದೇ ಡಿಸೆಂಬರಿನಲ್ಲಿ ಸವರ್ಣೀಯರು ಅವರ ಮೇಲೆ ದಾವೆ ಹಾಕಿದರು. ಕೆರೆ ನಮ್ಮದು, ಇವರು ಮುಟ್ಟದಿರುವುದು ಅನಾದಿಕಾಲದ ರೂಢಿ ಅಂತ. ಕೆಳಗಿನ ಕೋರ್ಟುಗಳಲ್ಲಿ ಸೋತು, ಮೇಲ್ಮನವಿ ಹಿಡಿದು ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ಹೈಕೋರ್ಟು ತೀರ್ಪು ಕೊಟ್ಟಿತು: ಅಂಥ ಅನಾದಿ ರೂಢಿ ರುಜುವಾತಾಗಿಲ್ಲ. ನೀರಿನ ಪ್ರಶ್ನೆ ಇತ್ಯರ್ಥವಾದದ್ದು ಮೇಲ್ಮನವಿಯ ಮಗ್ಗುಲಲ್ಲಿ. ಸೇಠುಗಳ ಹಣ ಹರಿಯುತ್ತಿದ್ದ ಮಗ್ಗುಲಲ್ಲಿ ಅಲ್ಲ.

ಇದೇ ಕಾಲಕ್ಕೆ ನಮ್ಮ ದೇಶದ ಹೆಣ್ಣುಮಕ್ಕಳೂ ಅದೇ ಬಾಗಿಲು ಬಡಿಯುತ್ತಿದ್ದರು. 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರಿಗೆ ವಕೀಲಿ ಮಾಡಲು ಬಿಡಲಿಲ್ಲ. ಅಲ್ಲೂ ತಕರಾರು 'ವ್ಯಕ್ತಿ' ಎಂಬ ಪದದ್ದೇ. 1921ರಲ್ಲಿ ಪಾಟ್ನಾ ಹೈಕೋರ್ಟು ಸುಧಾಂಶುಬಾಲಾ ಹಜ್ರಾ ಅವರನ್ನು ವಾಪಸ್ಸು ಕಳಿಸಿತು. 1923ರಲ್ಲಿ ಕಾನೂನು ಮಾಡಿ ತಡೆ ತೆಗೆದರು. ಬಾಬಾಸಾಹೇಬರು ವಕೀಲಿ ಶುರು ಮಾಡಿದ ವರ್ಷವೇ ಅದು.

ಆಮೇಲೆ ಗೋಡೆಗಳು ಒಂದೊಂದಾಗಿ ಉದುರಿದವು. 1926ರ ಬಾರ್ ಕೌನ್ಸಿಲ್ ಕಾನೂನು ವಕೀಲರ ನಡುವಿನ ಹಳೆ ಭೇದಗಳನ್ನು ಸಡಿಲಿಸಿತು. ಆದರೆ ಕಲ್ಕತ್ತಾ, ಮುಂಬಯಿಗಳ ಮೂಲ ವಿಭಾಗವನ್ನು ಮುಟ್ಟಲಿಲ್ಲ. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಕಡತ ಸಿಗದಿದ್ದ ಮನುಷ್ಯನೇ ಅದರ ಕರಡು ಸಮಿತಿಯ ಅಧ್ಯಕ್ಷ. ಆದರೂ ಆ ಎರಡು ನಗರಗಳಲ್ಲಿ ಅಟಾರ್ನಿಗಳ ನಡುಗೋಡೆ ನಿಂತೇ ಇತ್ತು. 1961ರ ವಕೀಲರ ಕಾಯ್ದೆ ದೇಶಕ್ಕೆಲ್ಲ ಅಡ್ವೊಕೇಟ್ ಎಂಬ ಒಂದೇ ವರ್ಗ ಮಾಡಿದಾಗಲೂ ಅದು ಉಳಿಯಿತು. 1976ರ ತಿದ್ದುಪಡಿ ಬಂದ ಮೇಲೆ ಅಟಾರ್ನಿ ಎಂಬ ಬೇರೆ ವರ್ಗ ಕಾನೂನಿನಿಂದ ಹೋಯಿತು. ಮುಂಬಯಿಯಲ್ಲಿ ಸಾಲಿಸಿಟರ್ ಪರೀಕ್ಷೆ ಇವತ್ತಿಗೂ ನಡೆಯುತ್ತದೆ. ಆದರೆ ಅದು ಬಿರುದು, ಬೀಗವಲ್ಲ. ಇಂಗ್ಲೆಂಡಿನಲ್ಲೂ 1990ರ ಕಾನೂನು ಸಾಲಿಸಿಟರುಗಳಿಗೆ ಮೇಲಿನ ಕೋರ್ಟುಗಳಲ್ಲಿ ವಾದಿಸುವ ದಾರಿ ಮಾಡಿತು. 2004ರಿಂದ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರನ್ನು ಕಾಣಬಹುದಾಯಿತು.

ಹಾಗಾದರೆ ಕತೆ ಮುಗಿಯಿತೆ? ಇಲ್ಲ ಗೆಳೆಯರೆ.

ನಮ್ಮ ಜತೆ ಓದಿದವರಲ್ಲಿ ಕೆಲವರು ಎಲ್‌ಎಲ್‌ಬಿ ಮಾಡಿದರು. ಪಾಸಾದ ಮೇಲೆ ಮೊದಲ ತಡೆ ನೋಂದಣಿ ಶುಲ್ಕ. 1961ರ ಕಾಯ್ದೆಯ 24ನೇ ಕಲಮಿನ ಪ್ರಕಾರ ಎಲ್ಲರಿಗೂ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ. ಆದರೆ ಬೇರೆ ಬೇರೆ ಬಾಬತ್ತು ಸೇರಿಸಿ ಕೆಲವು ರಾಜ್ಯಗಳ ವಕೀಲರ ಪರಿಷತ್ತುಗಳು 20,000ಕ್ಕೂ ಮಿಕ್ಕಿ ವಸೂಲು ಮಾಡುತ್ತಿದ್ದವು. 80 ಪೌಂಡಿನ ಛಾಪಾ ಕಾಗದ ನೆನಪಾಗುತ್ತದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಇದು ಸಲ್ಲದು ಅಂತ ತೀರ್ಪು ಕೊಟ್ಟಿತು: ಕಾಯ್ದೆ ಹೇಳಿದ್ದಕ್ಕಿಂತ ಒಂದು ಕಾಸೂ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ. ಕಾನೂನು ಓದುತ್ತಿರುವ ಹುಡುಗ ಹುಡುಗಿಯರಿಗೆ ಮೇಷ್ಟ್ರುಗಳು ಈ 125ರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಬೇಕು.

ಎರಡನೇ ತಡೆ ಸೀನಿಯರ್. ಹೊಸಬ ಯಾರಾದರೂ ಹಿರಿಯ ವಕೀಲರ ಕಚೇರಿ ಸೇರಬೇಕು. ಸಂಬಳ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ಭತ್ಯೆ ಕೊಡಿ ಅಂತ ಶಿಫಾರಸು ಮಾಡಿತು. ಅದು ಶಿಫಾರಸು, ಕಡ್ಡಾಯ ಅಲ್ಲ. ನಮ್ಮ ಗೆಳೆಯನೊಬ್ಬ ಎರಡು ವರ್ಷ ಸೀನಿಯರ ಬ್ಯಾಗು ಹೊತ್ತ. ಬಸ್ಸಿನ ಕಾಸಿಗೆ ರಾತ್ರಿ ಕೆಲಸ ಮಾಡಿದ. ಈಗ ಅವನು ಕೋರಿಯರ್ ಕಂಪನಿಯಲ್ಲಿದ್ದಾನೆ. ದಿನಾ ಊರ ತುಂಬ ಬೇರೆಯವರ ಕಾಗದ ಹಂಚ್ತಾನೆ.

ಮೂರನೇ ತಡೆ ನಾವೇ. ಇದನ್ನು ಹೇಳಲಿಕ್ಕೆಂದೇ ಇಷ್ಟು ದೂರ ಬಂದೆವು. ಇವತ್ತು ಕಡತ ಕೊಡುವುದು ಯಾವ ಸಾಲಿಸಿಟರನ ಕೈಯೂ ಅಲ್ಲ. ಅದು ಕಕ್ಷಿದಾರನ ಕೈ, ಅಂದರೆ ನಮ್ಮ ಕೈ. ಆದರೆ ನಮ್ಮ ಕೇರಿಯವರಿಗೇ ತಕರಾರು ಬಂದಾಗ ಏನಂತೀವಿ? "ನಮ್ಮೋನು ಬ್ಯಾಡ, ಅವನ ಮಾತು ಯಾರು ಕೇಳ್ತಾರೆ? ದೊಡ್ಡೋರ ಹತ್ರ ಹೋಗು, ಜಡ್ಜ್ ಸಾಹೇಬರಿಗೆ ಗೊತ್ತಿರೋರು." ಸಾಲ ಮಾಡಿ, ಎಮ್ಮೆ ಮಾರಿ, ಅದೇ ಜಗಲಿಗೆ ಹೋಗ್ತೀವಿ. ಮುಂಬಯಿಯ ಸಾಲಿಸಿಟರ್ ಬಾಬಾಸಾಹೇಬರಿಗೆ ಮಾಡಿದ್ದನ್ನು ನಾವು ನಮ್ಮ ಮಕ್ಕಳಿಗೆ ಮಾಡ್ತಿದೀವಿ. ಅವರು ಮೈಲಿಗೆ ಅಂತ ಕೊಡಲಿಲ್ಲ, ನಾವು ಅಪನಂಬಿಕೆಯಿಂದ ಕೊಡಲ್ಲ. ಕಡತ ಸಿಗದವನಿಗೆ ಎರಡೂ ಒಂದೇ.

ದಾಮೋದರ ಹಾಲಿಗೆ ನಡಕೊಂಡು ಬಂದ ಗಿರಣಿ ಕೂಲಿಗಳು ಹಾಗೆ ಯೋಚಿಸಿದ್ದರೆ? ತಮ್ಮವನಿಗೆ ಕಾಗದ ಕೊಟ್ಟು, ತಮ್ಮವನನ್ನು ವಕೀಲನನ್ನಾಗಿ ಉಳಿಸಿದವರು ಅವರು.

ಸಂಘಟನೆಯ ಗೆಳೆಯರಿಗೆ, ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮ ಮಾತು ಇಷ್ಟೇ. ನಿಮ್ಮ ತಾಲ್ಲೂಕಿನಲ್ಲಿ ನಮ್ಮ ಕೇರಿಗಳಿಂದ ಬಂದು ಕರಿಕೋಟು ಹಾಕಿದವರು ಯಾರ್‍ಯಾರು ಇದ್ದಾರೆ, ಒಂದು ಪಟ್ಟಿ ಮಾಡಿ. ಜಾತಿನಿಂದನೆ, ಭೂಮಿ, ಜೀವನಾಂಶ, ಕೂಲಿ ಬಾಕಿ, ಏನೇ ಬರಲಿ ಮೊದಲು ಆ ಪಟ್ಟಿ ನೋಡಿ. ಕೆಲಸ ಸರಿಯಾಗಿ ಮಾಡದಿದ್ದರೆ ಅವರನ್ನೂ ಕೇಳಿ, ಬಿಡಬೇಡಿ. ಫೀಸಿಗೆ ಗತಿಯಿಲ್ಲದಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಇದೆ: ಪರಿಶಿಷ್ಟ ಜಾತಿ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ. ಅಲ್ಲಿನ ವಕೀಲರ ಪಟ್ಟಿಯಲ್ಲಿ ನಮ್ಮವರ ಹೆಸರು ಇದೆಯಾ ಅಂತಲೂ ಕೇಳಿ.

ಅಪ್ಪನ ಕಾಗದದ ಕತೆ ಅರ್ಧಕ್ಕೆ ಬಿಟ್ಟಿದ್ದೆವು. ಆ ಕಲ್ಲು ಎತ್ತಿಟ್ಟು ಅಪ್ಪ ಕಾಗದ ವಾಪಸ್ಸು ತಂದ. ಬಹಳ ವರ್ಷ ಅದು ಟ್ರಂಕಿನಲ್ಲಿ ಬಟ್ಟೆ ಕೆಳಗೆ ಇತ್ತು. ಹೋದ ವರ್ಷ ಪಕ್ಕದ ಊರಿನ ನಮ್ಮವರ ಹುಡುಗಿ ಸನ್ನದು ತಗೊಂಡಳು. ಅವಳಿಗಿನ್ನೂ ಸ್ವಂತ ಕಚೇರಿ ಇಲ್ಲ, ಕೋರ್ಟಿನ ಹುಣಸೆಮರದ ಕೆಳಗಿನ ಟೈಪಿನವರ ಮೇಜಿನ ಮೂಲೆಯೇ ಕಚೇರಿ. ಅಪ್ಪ ಕಾಗದ ಹಿಡಕೊಂಡು ಹೋಗಿ, ಅಭ್ಯಾಸಬಲದಿಂದ ಎಲ್ಲಿ ಇಡಲಿ ಅಂತ ಸುತ್ತ ನೋಡಿದ. ಅವಳು ಎದ್ದು ನಿಂತು ಕೈ ಚಾಚಿದಳು: "ಕೊಡಪ್ಪ ಇಲ್ಲಿ."

ಕೇಸು ನಡೀತಿದೆ. ಗೆಲ್ತೀವೋ ಇಲ್ಲವೋ ಗೊತ್ತಿಲ್ಲ. ಕಾಗದ ಮಾತ್ರ ಕಲ್ಲಿನ ಕೆಳಗಿಲ್ಲ.